ಹಂಚಿಕೆಗೆ ಎರಡು ಅರ್ಥ

ಪೋಕರ್ ಟೂರ್ನಮೆಂಟಿನ ಕೊನೆಯ ಮೇಜಿನಲ್ಲಿ ಇಬ್ಬರೋ ಮೂವರೋ ಉಳಿದಾಗ ಯಾರಾದರೊಬ್ಬರು ಆ ಮಾತು ತೆಗೆದೇ ತೆಗೆಯುತ್ತಾರೆ. ‘ಹಂಚಿಕೊಂಡುಬಿಡೋಣವಾ?’ ಅಷ್ಟು ಹೊತ್ತು ಒಬ್ಬರನ್ನೊಬ್ಬರು ಕೆಡವಲು ನೋಡುತ್ತಿದ್ದವರು ಕುರ್ಚಿ ಹಿಂದಕ್ಕೆ ಸರಿಸಿ, ಮೊಬೈಲ್ ತೆಗೆದು ಕ್ಯಾಲ್ಕುಲೇಟರ್ ಒತ್ತತೊಡಗುತ್ತಾರೆ. ಪೋಕರ್ ಆಡದ ಗೆಳೆಯರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ‘ಫೈನಲ್ ತಲುಪಿದ ಮೇಲೆ ಬಹುಮಾನ ಹಂಚಿಕೊಳ್ಳೋದಾ? ಹಾಗಾದರೆ ಅದು ಆಟ ಹೇಗಾಯ್ತು?’ ಎನ್ನುತ್ತಾರೆ. ರಣಜಿ ಫೈನಲ್ಲಿನಲ್ಲಿ ಎರಡು ತಂಡಗಳು ಹೀಗೆ ಮಾಡಿದರೆ ಮಾರನೆಯ ದಿನವೇ ತನಿಖೆ ಶುರುವಾಗುತ್ತದೆ ಎಂದು ಪುಣೆಯ ನಮ್ಮ ಆಫೀಸಿನ ಒಬ್ಬ ಹೇಳಿದ. ಅವನ ಮಾತಿನಲ್ಲಿ ಹುರುಳಿದೆ. ಆದರೂ ಪೋಕರ್ ಲೋಕದಲ್ಲಿ ಈ ರೂಢಿ ಐವತ್ತು ವರ್ಷಗಳಿಂದಲೂ ಇದೆ. ಅದು ತಪ್ಪೇ ಸರಿಯೇ ಎಂಬ ಜಗಳಕ್ಕೂ ಅಷ್ಟೇ ವಯಸ್ಸಾಗಿದೆ.

ಆಡದವರಿಗಾಗಿ ಆಟದ ಕಟ್ಟು ಹೀಗೆ. ಎಲ್ಲರೂ ಒಂದೇ ಪ್ರವೇಶಶುಲ್ಕ ಕಟ್ಟಿ ಒಂದೇ ಸಂಖ್ಯೆಯ ಚಿಪ್ಸ್ ಪಡೆಯುತ್ತಾರೆ. ಈ ಚಿಪ್ಸ್ ದುಡ್ಡಲ್ಲ. ನಡುವೆ ಎದ್ದುಹೋಗಿ ಕೌಂಟರಿನಲ್ಲಿಟ್ಟರೆ ಒಂದು ರೂಪಾಯಿಯೂ ಸಿಗುವುದಿಲ್ಲ. ಚಿಪ್ಸ್ ಮುಗಿದವರು ಮನೆಗೆ. ಕಡೆಗೆ ಉಳಿದ ಕೆಲವರಿಗೆ ಮಾತ್ರ ಬಹುಮಾನ, ಅದೂ ಮೆಟ್ಟಿಲುಮೆಟ್ಟಿಲಾಗಿ: ಒಂಬತ್ತನೆಯವನಿಗೆ ಹಾಕಿದ ದುಡ್ಡಿಗಿಂತ ಚೂರು ಹೆಚ್ಚು, ಮೊದಲನೆಯವನಿಗೆ ಗಂಟು. ಆಟ ಬೇಗ ಮುಗಿಯಲೆಂದು ಬ್ಲೈಂಡ್ ಎಂಬ ಕಡ್ಡಾಯ ಪಣವನ್ನು ಗಡಿಯಾರ ನೋಡಿ ಏರಿಸುತ್ತಾ ಹೋಗುತ್ತಾರೆ. ಹಾಗಾಗಿ ಬೆಳಗ್ಗೆ ತಾಳ್ಮೆಯಿಂದ, ಎದುರಿನವನ ಮುಖ ಓದಿ ಆಡಿದ ಆಟ ನಡುರಾತ್ರಿಯ ಹೊತ್ತಿಗೆ ಬೇರೆಯೇ ಆಗಿರುತ್ತದೆ. ಎರಡು ಎಲೆ ನೋಡಿ ಇದ್ದದ್ದೆಲ್ಲವನ್ನೂ ಮುಂದೆ ತಳ್ಳುವುದು, ಇಲ್ಲವೇ ಕೆಳಗಿಡುವುದು, ಇಷ್ಟೇ. ಒಬ್ಬನ ಕೈಯಲ್ಲಿ ಎಕ್ಕ–ರಾಜ, ಇನ್ನೊಬ್ಬನ ಕೈಯಲ್ಲಿ ರಾಣಿಯ ಜೋಡಿ ಇದ್ದರೆ ಗೆಲ್ಲುವ ಸಾಧ್ಯತೆ ಸುಮಾರು 43ಕ್ಕೆ 57. ನಾಣ್ಯ ಚಿಮ್ಮಿದ್ದಕ್ಕಿಂತ ಸ್ವಲ್ಪ ಉತ್ತಮ, ಅಷ್ಟೇ. ಇಡೀ ದಿನದ ಜಾಣತನ ತಂದು ನಿಲ್ಲಿಸುವುದು ಇಂಥ ಒಂದು ನಾಣ್ಯದ ಮುಂದೆ. ಮೊದಲನೆಯ ಮತ್ತು ಮೂರನೆಯ ಬಹುಮಾನದ ನಡುವೆ ಲಕ್ಷಗಳ ಅಂತರ ಇರುವಾಗ ‘ಹಂಚಿಕೊಳ್ಳೋಣ’ ಎನ್ನುವವನನ್ನು ಪುಕ್ಕಲ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ನನಗೆ ಈ ಮಾತು ಹೊಸದೂ ಆಗಿರಲಿಲ್ಲ. ದಾವಣಗೆರೆಯ ನಮ್ಮ ಅಜ್ಜಿಯ ಮನೆಯಲ್ಲಿ ದೀಪಾವಳಿಯ ಮೂರು ರಾತ್ರಿ ಜಮಖಾನೆ ಹಾಸಿ ಪೂಲ್ ರಮ್ಮಿ ನಡೆಯುತ್ತಿತ್ತು. 101 ಪಾಯಿಂಟ್ ಮುಟ್ಟಿದವರು ಔಟ್. ಎಲೆ ನೋಡಿದ ಕೂಡಲೇ ಆಟ ಬಿಟ್ಟರೆ 20 ಪಾಯಿಂಟ್. ಅದಕ್ಕೆ ಡ್ರಾಪ್ ಎಂದು ಹೆಸರು. ರಾತ್ರಿ ಎರಡಾಗಿ ಹೆಂಗಸರು ಒಳಗಿನಿಂದ ಗದರತೊಡಗಿದಾಗ ಉಳಿದ ಮೂವರು ಮಾವಂದಿರು ಆಟ ನಿಲ್ಲಿಸಿ ದುಡ್ಡು ಹಂಚಿಕೊಳ್ಳುತ್ತಿದ್ದರು. ಲೆಕ್ಕ ಬಹಳ ಸರಳ: ಯಾರಿಗೆ ಇನ್ನೆಷ್ಟು ಡ್ರಾಪ್ ಉಳಿದಿದೆ? 38 ಪಾಯಿಂಟಿನವನಿಗೆ ಮೂರು, 58ರವನಿಗೆ ಎರಡು, 79ರವನಿಗೆ ಒಂದು. ಒಟ್ಟು ಆರು. ನಡುವೆ 600 ರೂಪಾಯಿ ಬಿದ್ದಿದ್ದರೆ 300, 200, 100. ಇದಕ್ಕೆ ಯಾರೂ ತಕರಾರು ಮಾಡಿದ್ದನ್ನು ನಾನು ನೋಡಲಿಲ್ಲ. ಇದುವರೆಗೆ ಯಾರು ಎಷ್ಟು ಆಟ ಗೆದ್ದರು ಎಂಬುದನ್ನು ಅವರು ಕೇಳುತ್ತಲೇ ಇರಲಿಲ್ಲ. ಇನ್ನು ಮುಂದೆ ಎಷ್ಟು ಉಸಿರು ಉಳಿದಿದೆ ಎಂಬುದಷ್ಟೇ ಲೆಕ್ಕ.

ಎಂಜಿನಿಯರಿಂಗ್ ಓದುವಾಗ ಸಂಭವನೀಯತೆಯ ಪಾಠದಲ್ಲಿ ಇದೇ ಲೆಕ್ಕ ಮತ್ತೆ ಎದುರಾಯಿತು. ನಡುವೆ ನಿಂತುಹೋದ ಆಟದ ಪಣವನ್ನು ಹೇಗೆ ಹಂಚಬೇಕು ಎಂಬುದು ಯುರೋಪಿನ ಹಳೆಯ ಒಗಟು. 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ತನ್ನ ಗಣಿತದ ಹೊತ್ತಗೆಯಲ್ಲಿ ಲೂಕಾ ಪಚೋಲಿ ಎಂಬ ಸನ್ಯಾಸಿ, ಇಲ್ಲಿಯವರೆಗೆ ಯಾರು ಎಷ್ಟು ಗೆದ್ದಿದ್ದಾರೋ ಅದೇ ಪ್ರಮಾಣದಲ್ಲಿ ಹಂಚಿ ಎಂದ. ಕೇಳಲು ನ್ಯಾಯವಾಗಿದೆ. ಆದರೆ ನೂರು ಸುತ್ತಿನ ಆಟ ಮೊದಲ ಸುತ್ತಿಗೇ ನಿಂತರೆ, ಒಂದು ಗೆದ್ದವನು ಇಡೀ ಗಂಟನ್ನು ಎತ್ತಿಕೊಂಡು ಹೋಗುತ್ತಾನೆ! 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಂಡು ಈ ಗಂಟು ಬಿಡಿಸಿದರು. ಪಾಸ್ಕಲ್‌ನ ಉದಾಹರಣೆ ಹೀಗಿದೆ. ಇಬ್ಬರು ತಲಾ 32 ಚಿನ್ನದ ನಾಣ್ಯ ಹಾಕಿದ್ದಾರೆ, ಮೊದಲು ಮೂರು ಸುತ್ತು ಗೆದ್ದವನಿಗೆ ಅಷ್ಟೂ 64. ಒಬ್ಬ ಎರಡು ಗೆದ್ದಿದ್ದಾನೆ, ಇನ್ನೊಬ್ಬ ಒಂದು, ಆಟ ನಿಂತಿತು. ಮುಂದಿನ ಸುತ್ತು ನಡೆದಿದ್ದರೆ? ಮುಂದಿರುವವನು ಗೆದ್ದರೆ 64 ಅವನದೇ. ಸೋತರೆ ಇಬ್ಬರೂ ಸಮ, ಅವನಿಗೆ 32. ಅಂದರೆ 32 ಹೇಗೂ ಅವನದು. ಉಳಿದ 32ಕ್ಕೆ ಇಬ್ಬರಿಗೂ ಸಮ ಅವಕಾಶ, ಅದರಲ್ಲಿ ಅರ್ಧ. ಒಟ್ಟು ಅವನಿಗೆ 48, ಇನ್ನೊಬ್ಬನಿಗೆ 16. ಸಂಭವನೀಯತೆಯ ಗಣಿತ ಹುಟ್ಟಿದ್ದು ಈ ಪತ್ರಗಳಿಂದ ಎಂದು ಪುಸ್ತಕಗಳು ಹೇಳುತ್ತವೆ. ನನಗೆ ಅದನ್ನು ಓದಿದಾಗ ನೆನಪಾದದ್ದು ಮಾವಂದಿರ ಡ್ರಾಪ್ ಲೆಕ್ಕ. ನಡೆದುಹೋದದ್ದನ್ನು ಬಿಟ್ಟು, ನಡೆಯಬೇಕಾದದ್ದನ್ನು ನೋಡಿ ಹಂಚುವ ಬುದ್ಧಿ ಎರಡು ಕಡೆಯೂ ಒಂದೇ.

ಪೋಕರಿನವರೂ ಕಡೆಗೆ ಅಲ್ಲಿಗೇ ಬಂದರು. 1973ರಲ್ಲಿ ಡೇವಿಡ್ ಹಾರ್ವಿಲ್ ಎಂಬಾತ ಕುದುರೆ ರೇಸಿನಲ್ಲಿ ಎರಡನೆಯ, ಮೂರನೆಯ ಸ್ಥಾನದ ಸಾಧ್ಯತೆ ಎಣಿಸಲು ಒಂದು ಸೂತ್ರ ಬರೆದಿದ್ದ. 1987ರಲ್ಲಿ ಮೇಸನ್ ಮಾಲ್ಮತ್ ಅದೇ ಬಗೆಯ ಲೆಕ್ಕವನ್ನು ಪೋಕರಿಗೆ ತಂದ. ಇಂದು ಅದನ್ನು ಐಸಿಎಂ ಎನ್ನುತ್ತಾರೆ. ಒಬ್ಬನ ಬಳಿ ಒಟ್ಟು ಚಿಪ್ಸಿನ ಎಷ್ಟು ಪಾಲಿದೆಯೋ ಅವನು ಮೊದಲು ಬರುವ ಸಾಧ್ಯತೆ ಅಷ್ಟು. ಅವನನ್ನು ಬದಿಗಿಟ್ಟು, ಉಳಿದವರಲ್ಲಿ ಅದೇ ರೀತಿ ಎರಡನೆಯವನು. ಹೀಗೆ ಪ್ರತಿಯೊಬ್ಬನೂ ಪ್ರತಿ ಸ್ಥಾನಕ್ಕೆ ಬರುವ ಸಾಧ್ಯತೆಯನ್ನು ಆ ಸ್ಥಾನದ ಬಹುಮಾನದಿಂದ ಗುಣಿಸಿ ಕೂಡುವುದು.

ಈ ಲೆಕ್ಕ ನನ್ನ ಮುಂದೆಯೇ ಕಾಗದದ ಮೇಲೆ ಬಿದ್ದದ್ದು ಗೋವಾದಲ್ಲಿ, ಪಣಜಿಯ ಬಳಿ ಮಾಂಡೋವಿ ನದಿಯಲ್ಲಿ ನಿಂತ ಒಂದು ಕ್ಯಾಸಿನೊ ಹಡಗಿನ ಒಳಗೆ. ಪುಣೆಯಿಂದ ರಾತ್ರಿ ಬಸ್ಸಿಗೆ ಹೊರಟರೆ ಬೆಳಗ್ಗೆ ಪಣಜಿ. ವರ್ಷಕ್ಕೆ ಒಂದೆರಡು ಸಲ ಹೋಗಿಬರುತ್ತೇನೆ. ಆ ಸಲ ಕೊನೆಗೆ ಉಳಿದವರು ಮೂವರು. ಅರ್ಧದಷ್ಟು ಚಿಪ್ಸ್ ಇಟ್ಟುಕೊಂಡ ಗುಜರಾತಿನ ಒಬ್ಬ ಬಟ್ಟೆ ವ್ಯಾಪಾರಿ. ನೂರಕ್ಕೆ ಮೂವತ್ತು ಪಾಲಿನ ನಾನು. ಇಪ್ಪತ್ತು ಪಾಲಿನ ಒಬ್ಬ ಹುಡುಗ. ಬಹುಮಾನ 5 ಲಕ್ಷ, 3 ಲಕ್ಷ, 2 ಲಕ್ಷ. ರಾತ್ರಿ ಒಂದೂವರೆ.

ಮಾತು ತೆಗೆದದ್ದು ವ್ಯಾಪಾರಿ. ಅವನ ಲೆಕ್ಕ ಸೀದಾ: ಮೂವರಿಗೂ ಮೂರನೆಯ ಬಹುಮಾನ 2 ಲಕ್ಷ ಖಾತ್ರಿ, ಅದನ್ನು ತೆಗೆದಿಟ್ಟು ಉಳಿದ 4 ಲಕ್ಷವನ್ನು ಚಿಪ್ಸಿನಂತೆ ಹಂಚೋಣ. ಅವನಿಗೆ 4,00,000, ನನಗೆ 3,20,000, ಹುಡುಗನಿಗೆ 2,80,000. ಟೂರ್ನಮೆಂಟ್ ನಡೆಸುವಾತ ಲ್ಯಾಪ್‌ಟಾಪಿನಲ್ಲಿ ಐಸಿಎಂ ಹಾಕಿ ತೋರಿಸಿದ: 3,83,929, 3,27,500, 2,88,571. ವ್ಯಾಪಾರಿಗೆ ಹದಿನಾರು ಸಾವಿರ ಕಡಿಮೆ, ನಮ್ಮಿಬ್ಬರಿಗೆ ಏಳೆಂಟು ಸಾವಿರ ಹೆಚ್ಚು. ವ್ಯಾಪಾರಿ ಮುಖ ಗಂಟಿಕ್ಕಿದ. ಆದರೆ ಚಿಪ್ಸಿನ ಲೆಕ್ಕದಲ್ಲಿ ಪಚೋಲಿಯ ದೋಷವೇ ಇದೆ. ಅವನ ಬಳಿ ನೂರಕ್ಕೆ ಎಂಬತ್ತು ಚಿಪ್ಸ್ ಇದ್ದಿದ್ದರೆ ಅದೇ ಲೆಕ್ಕ ಅವನಿಗೆ 5,20,000 ಕೊಡುತ್ತಿತ್ತು, ಅಂದರೆ ಆಡಿ ಗೆದ್ದರೆ ಸಿಗುವುದಕ್ಕಿಂತ ಹೆಚ್ಚು! ಇಬ್ಬರೇ ಉಳಿದಾಗ ಎರಡು ಲೆಕ್ಕಗಳಿಗೂ ಒಂದೇ ಉತ್ತರ ಬರುತ್ತದೆ. ಮೂವರಾದ ಕೂಡಲೇ ಚಿಪ್ಸಿನ ಲೆಕ್ಕ ದೊಡ್ಡವನ ಕಡೆ ವಾಲುತ್ತದೆ. ಇದನ್ನು ಹೇಳಿದ ಮೇಲೆ ವ್ಯಾಪಾರಿ ಐಸಿಎಂಗೆ ಒಪ್ಪಿದ. ಬೆಳಗ್ಗೆ ಅವನಿಗೆ ವಿಮಾನ ಹಿಡಿಯಬೇಕಿತ್ತು.

ನಾನು ಹೂಂ ಅಂದೆ. 3,27,500 ಎಂದರೆ ತೆರಿಗೆ ಕಳೆದರೂ ನನ್ನ ಮನೆ ಸಾಲದ ಐದಾರು ಕಂತು. ನಾಣ್ಯ ಚಿಮ್ಮಿ ಅದನ್ನು ಐದು ಮಾಡುವ ಆಸೆಗಿಂತ ಎರಡಾಗುವ ಭಯವೇ ನನಗೆ ದೊಡ್ಡದು. ‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎನ್ನುವ ಗಾದೆ ಕೇಳಿ ಬೆಳೆದ ನಮಗೆ ರಾಜಿ ಎಂದರೆ ವಿವೇಕವೇ.

ಹುಡುಗ ಬೇಡ ಅಂದ.

ಅವನ ವಿಷಯ ಸ್ವಲ್ಪ ಹೇಳಬೇಕು. ರಾಯಚೂರಿನ ಕಡೆಯವನು, ಹೈದರಾಬಾದಿನಲ್ಲಿ ಓದು. ಊಟದ ವಿರಾಮದಲ್ಲಿ ಫೋನಿನಲ್ಲಿ ಅವ್ವನ ಹತ್ತಿರ ಮಾತಾಡುವಾಗ ಕನ್ನಡ ಕಿವಿಗೆ ಬಿದ್ದು ಪರಿಚಯವಾಗಿತ್ತು. ಪ್ರವೇಶಶುಲ್ಕದ ಅರ್ಧ ಹಾಸ್ಟೆಲಿನ ಗೆಳೆಯರದು. ಬಂದದ್ದರಲ್ಲಿ ಅರ್ಧ ಅವರಿಗೆ. ಪೋಕರಿನಲ್ಲಿ ಹೀಗೆ ಪಾಲು ಮಾರುವುದು ಮಾಮೂಲು. ಮೇಜಿಗೆ ಮರಳಿದ ಮೇಲೆ ಅವನು ನನ್ನ ಕಡೆ ತಿರುಗಿ ಕನ್ನಡದಲ್ಲಿ ಏನೋ ಅಂದ; ಎಲೆ ಹಂಚುವಾಕೆ ಕೂಡಲೇ ತಡೆದಳು. ಆಟ ನಡೆಯುವಾಗ ಎಲ್ಲರಿಗೂ ತಿಳಿಯುವ ಭಾಷೆಯನ್ನಷ್ಟೇ ಆಡಬೇಕು, ಇದು ಪೋಕರ್ ಕೋಣೆಗಳ ನಿಯಮ. ಪರವೂರಿನಲ್ಲಿ ಕನ್ನಡ ಕೇಳಿದರೆ ಹಿಗ್ಗುವ ನಮ್ಮಂಥವರಿಗೆ ಇದು ಮೊದಲು ಚುಚ್ಚುತ್ತದೆ. ಆದರೆ ವ್ಯಾಪಾರಿಯ ಕುರ್ಚಿಯಲ್ಲಿ ಕುಳಿತು ನೋಡಿ. ತನಗೆ ತಿಳಿಯದ ಭಾಷೆಯಲ್ಲಿ ಇಬ್ಬರು ಮಾತಾಡಿದರೆ ಅವನಿಗೆ ಕೇಳಿಸುವುದು ಸಂಚು. ಆಗಲೇ ಅವನು ನಮ್ಮಿಬ್ಬರನ್ನು ಒಂದೇ ಕಣ್ಣಿನಲ್ಲಿ ನೋಡತೊಡಗಿದ್ದ.

ಹುಡುಗ ಬೇಡ ಅಂದದ್ದಕ್ಕೆ ವ್ಯಾಪಾರಿಗೆ ಆಶ್ಚರ್ಯ. ಮೂವರಲ್ಲಿ ಕಡಿಮೆ ಚಿಪ್ಸ್ ಇರುವವನು ಅವನೇ. ಕೂತಲ್ಲೇ 88 ಸಾವಿರ ಹೆಚ್ಚು ಸಿಗುತ್ತಿದೆ. ‘ನಿನ್ನ ಹಾಸ್ಟೆಲಿನ ಹುಡುಗರನ್ನು ಕೇಳು, ಕಾಲಿಗೆ ಬೀಳುತ್ತಾರೆ’ ಎಂದ. ‘ನಾವಿಬ್ಬರು ದೊಡ್ಡವರು ಹೇಳ್ತಿದ್ದೀವಲ್ಲ’ ಎಂದ. ನಗುನಗುತ್ತಲೇ, ಆದರೆ ಮೂರು ಸಲ. ಹುಡುಗನ ಕಿವಿ ಕೆಂಪಾಯಿತು. ಐದು ನಿಮಿಷ ವಿರಾಮ ಎಂದರು. ಹೊರಗೆ ಬಂದಾಗ ಅವನು ನನಗೆ ಹೇಳಿದ್ದು ಇಷ್ಟು: ‘ಅಣ್ಣಾ, ಇಲ್ಲಿ ತನಕ ಮತ್ತೆ ಬರಾಕ ನನಗ ಎಷ್ಟು ವರ್ಷ ಬೇಕೋ. ರೊಕ್ಕ ಬ್ಯಾಡಂತಲ್ಲ. ಮೂರೇ ಮಂದಿ ಉಳಿದಾಗ ಹೆಂಗ ಆಡಬೇಕು ಅನ್ನೋದನ್ನ ಕಲೀಲಿಕ್ಕೆ ಬ್ಯಾರೆ ಎಲ್ಲಿ ಸಿಗ್ತದ?’

ಅವನ ಮಾತಿಗೆ ಗಣಿತದ ಆಧಾರವೂ ಇದೆ. ಐಸಿಎಂ ಹೇಳುವ 2,88,571 ಎಂಬುದು ಅವನು ಇದೇ ಸ್ಥಿತಿಯಲ್ಲಿ ನೂರಾರು ಸಲ ಆಡಿದರೆ ಬರುವ ಸರಾಸರಿ. ಅರ್ಧಕ್ಕಿಂತ ಚೂರು ಹೆಚ್ಚು ಸಲ ಮೂರನೆಯವನಾಗಿ 2 ಲಕ್ಷ, ಐದರಲ್ಲಿ ಒಂದು ಸಲ 5 ಲಕ್ಷ. ಹಂಚಿಕೆ ಅವನಿಗೆ ಏನನ್ನೂ ದಾನ ಮಾಡುವುದಿಲ್ಲ. ಏರಿಳಿತವನ್ನು ಸಪಾಟು ಮಾಡುತ್ತದೆ, ಅಷ್ಟೇ. ಏರಿಳಿತ ತಡೆದುಕೊಳ್ಳುತ್ತೇನೆ ಎನ್ನುವವನಿಗೆ ‘ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಮಾಡ್ಕೋಬೇಡ’ ಎಂದು ಹೆದರಿಸುವುದು ಸುಳ್ಳು ಲೆಕ್ಕ. ನನಗೆ ಸಾಲದ ಕಂತು ಇದೆ ಎಂಬುದು ನಾನು ಒಪ್ಪಲು ಒಳ್ಳೆಯ ಕಾರಣ. ಅವನು ಒಪ್ಪಲು ಅದು ಕಾರಣವೇ ಅಲ್ಲ.

ಹುಡುಗ ಒಳಗೆ ಹೋದ ಮೇಲೆ ವ್ಯಾಪಾರಿ ನನ್ನ ಪಕ್ಕ ಬಂದು ನಿಂತ. ಕಂಬಿಯಾಚೆ ನದಿಯ ಮೇಲೆ ದೀಪಗಳು ಅಲುಗುತ್ತಿದ್ದವು. ‘ಅವನು ಬೇಡ ಅಂದರೆ ಬಿಡಿ. ಮೊದಲ ಎರಡು ಬಹುಮಾನ ಸೇರಿದರೆ 8 ಲಕ್ಷ. ನಾವಿಬ್ಬರು ತಲಾ ನಾಲ್ಕು ಅಂತ ಮಾಡಿಕೊಳ್ಳೋಣ. ಯಾರಿಗೂ ಹೇಳೋದು ಬೇಡ.’

ಈ ಮಾತಿನಲ್ಲಿ ಎಷ್ಟು ಅಡಗಿದೆ ಎಂಬುದನ್ನು ಬಿಡಿಸಿ ಹೇಳಬೇಕು. ಹಾಗೆ ಮಾತು ಕೊಟ್ಟ ಮೇಲೆ ನಾನೂ ಅವನೂ ಕಣ್ಣು ಮಿಟುಕಿಸಬೇಕಾಗಿಲ್ಲ, ಎಲೆ ತೋರಿಸಬೇಕಾಗಿಲ್ಲ. ನಮ್ಮಿಬ್ಬರ ನಡುವೆ ಜಗಳಕ್ಕೆ ಕಾರಣವೇ ಇರುವುದಿಲ್ಲ. ಅವನು ಏರಿಸಿದರೆ ನಾನು ಬಿಡುತ್ತೇನೆ, ನಾನು ಏರಿಸಿದರೆ ಅವನು ಬಿಡುತ್ತಾನೆ. ಇಬ್ಬರೂ ಹುಡುಗನ ಮೇಲೆ ಮಾತ್ರ ಬೀಳುತ್ತೇವೆ. ಅವನು ಮೂರು ಜನರ ಆಟ ಕಲಿಯುತ್ತೇನೆ ಎಂದುಕೊಂಡಿರುತ್ತಾನೆ, ಕುಳಿತಿರುವುದು ಒಬ್ಬನ ಮೇಲೆ ಇಬ್ಬರ ಆಟದಲ್ಲಿ. ಅವನ ನಿರಾಕರಣೆಗೆ ನಾವು ದಂಡ ಹಾಕಿದಂತೆ, ಅದೂ ಅವನಿಗೆ ಗೊತ್ತಿಲ್ಲದೆ. ಕನ್ನಡದಲ್ಲಿ ‘ಹಂಚಿಕೆ’ ಎಂಬ ಪದಕ್ಕೆ ಎರಡು ಅರ್ಥ ಇರುವುದು ಸುಮ್ಮನೆ ಅಲ್ಲ. ಪಾಲು ಮಾಡುವುದೂ ಹಂಚಿಕೆ, ಒಳಗೊಳಗೆ ಉಪಾಯ ಹೂಡುವುದೂ ಹಂಚಿಕೆ. ಮೂವರಲ್ಲಿ ಮೂವರೂ ಒಪ್ಪಿದರೆ ಮೊದಲನೆಯದು. ಮೂವರಲ್ಲಿ ಇಬ್ಬರು ಒಪ್ಪಿದರೆ ಎರಡನೆಯದು. ‘ಮೂವರೂ ಸೇರಿದರೆ ಸರಿ, ಇಲ್ಲದಿದ್ದರೆ ಆಡೋಣ’ ಎಂದೆ. ಅವನು ಹೆಗಲು ಕುಣಿಸಿ, ‘ನಿಮ್ಮೂರಿನವನು ಅಂತ ಅಲ್ವಾ?’ ಎಂದು ಕೇಳಿ ಒಳಗೆ ನಡೆದ. ಹುಡುಗ ಪಟ್ನಾದವನಾಗಿದ್ದರೂ ಉತ್ತರ ಅದೇ ಆಗಿರುತ್ತಿತ್ತು ಎಂದು ಅವನಿಗೆ ನಂಬಿಸುವುದು ಸಾಧ್ಯವಿರಲಿಲ್ಲ. ಪರವೂರಿನಲ್ಲಿ ನಮ್ಮ ಭಾಷೆಯವರ ಪರವಾಗಿ ನ್ಯಾಯದ ಮಾತಾಡಿದರೂ ಅದು ಪಕ್ಷಪಾತದಂತೆಯೇ ಕೇಳುತ್ತದೆ.

ಗುಟ್ಟಾಗಿ ಹಂಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಪೋಕರಿನ ದೊಡ್ಡ ಮೇಜಿನಲ್ಲೇ ಒಂದು ಹಳೆಯ ಕಥೆ ಇದೆ. ಲಾಸ್ ವೇಗಸ್ಸಿನ ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೊದಲ್ಲಿ 1970ರಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್ ಶುರುವಾಯಿತು. 1972ರ ಮುಖ್ಯ ಸ್ಪರ್ಧೆಯಲ್ಲಿ ಆಡಿದವರು ಎಂಟು ಜನ. ಕೊನೆಗೆ ಉಳಿದವರು ಡಾಯ್ಲ್ ಬ್ರನ್ಸನ್, ಪಗಿ ಪಿಯರ್ಸನ್ ಮತ್ತು ಅಮರಿಲ್ಲೊ ಸ್ಲಿಮ್ ಎಂದು ಹೆಸರಾದ ಥಾಮಸ್ ಪ್ರೆಸ್ಟನ್. ಆಗ ಜೂಜುಕೋರ ಎನಿಸಿಕೊಳ್ಳುವುದು ಅಮೆರಿಕದ ಸಣ್ಣ ಊರುಗಳಲ್ಲಿ ಮರ್ಯಾದೆಯ ಮಾತಾಗಿರಲಿಲ್ಲ. ಟೆಕ್ಸಸ್ಸಿನ ತನ್ನ ಜನರಿಗೆ ಇದು ತಿಳಿಯುವುದು ಬ್ರನ್ಸನ್‌ಗೆ ಬೇಕಿರಲಿಲ್ಲ. ಗೆದ್ದವನ ಫೋಟೋ ಪತ್ರಿಕೆಯಲ್ಲಿ ಬರುತ್ತದೆಂಬುದೇ ಅವನ ಚಿಂತೆ. ಪ್ರಚಾರಕ್ಕೆ ಹಂಬಲಿಸುತ್ತಿದ್ದವನು ಸ್ಲಿಮ್ ಒಬ್ಬನೇ. ಮೂವರೂ ಒಳಗೊಳಗೇ ಹಣದ ಒಪ್ಪಂದ ಮಾಡಿಕೊಂಡರು, ಅನಾರೋಗ್ಯದ ನೆಪ ಹೇಳಿ ಬ್ರನ್ಸನ್ ಎದ್ದುಹೋದ, ಕಿರೀಟ ಸ್ಲಿಮ್‌ಗೆ. ದಾಖಲೆಯಲ್ಲಿ ಅವನ ಬಹುಮಾನ 80,000 ಡಾಲರ್. ಅವನು ಟಿವಿ ಕಾರ್ಯಕ್ರಮಗಳಲ್ಲಿ ಕಾಣಿಸಿಕೊಂಡು ಪೋಕರಿಗೆ ದೊಡ್ಡ ಹೆಸರು ತಂದ. ನಡೆದದ್ದನ್ನು ವರ್ಷಗಳ ನಂತರ ಬ್ರನ್ಸನ್ನನೇ ಹೇಳಿಕೊಂಡ. ಅವನು 1976ರಲ್ಲೂ 1977ರಲ್ಲೂ ಆಡಿ ಗೆದ್ದು ವಿಶ್ವಚಾಂಪಿಯನ್ ಆದ. ಅವೆರಡು ಗೆಲುವಿನ ಬಗ್ಗೆ ಯಾರೂ ಅಡ್ಡ ಮಾತಾಡುವುದಿಲ್ಲ; 1972ರ ಹೆಸರು ಬಂದರೆ ಮಾತ್ರ ಇಂದಿಗೂ ಒಂದು ‘ಆದರೆ’ ಬರುತ್ತದೆ. ಅಲ್ಲಿ ಮೂವರೂ ಒಪ್ಪಿದ್ದರು, ಯಾರಿಗೂ ಮೋಸವಾಗಲಿಲ್ಲ ಎಂದು ವಾದಿಸಬಹುದು. ದುಡ್ಡು ಹಂಚಿಕೊಂಡದ್ದು ಅವರ ಅವರ ವಿಚಾರ. ಆದರೆ ಅವರು ಗೆಲುವನ್ನೂ ಹಂಚಿದರು, ಅದು ನೋಡುತ್ತಿದ್ದವರಿಗೆ ಸೇರಿದ್ದು.

ಇನ್ನೊಂದು ಕಥೆ 2003ರದು. ಟೆನೆಸಿಯ ಲೆಕ್ಕಪತ್ರದ ನೌಕರ ಕ್ರಿಸ್ ಮನಿಮೇಕರ್, ಆನ್‌ಲೈನಿನಲ್ಲಿ ನೂರು ಡಾಲರಿಗೂ ಕಡಿಮೆ ಹಾಕಿ ಗೆದ್ದ ಟಿಕೆಟ್ಟಿನಿಂದ ಅದೇ ಸ್ಪರ್ಧೆಗೆ ಬಂದಿದ್ದ. 839 ಜನರಲ್ಲಿ ಕೊನೆಗೆ ಉಳಿದವರು ಅವನು ಮತ್ತು ಸ್ಯಾಮ್ ಫರ್ಹಾ ಎಂಬ ನುರಿತ ವೃತ್ತಿಪರ. ಮೊದಲ ಬಹುಮಾನ 25 ಲಕ್ಷ ಡಾಲರ್, ಎರಡನೆಯದು 13 ಲಕ್ಷ. ಚಿಪ್ಸಿನಲ್ಲಿ ಮುಂದಿದ್ದರೂ ಮನಿಮೇಕರ್ ಸರಿಪಾಲಿಗೆ ಕೇಳಿದ. ಸಂಬಳದ ಮನುಷ್ಯನ ಆ ಮನಸ್ಸು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಫರ್ಹಾ ಒಪ್ಪಲಿಲ್ಲ, ಆಡಿದರು, ಮನಿಮೇಕರ್ ಗೆದ್ದ. ಅವನನ್ನು ನೋಡಿ ಜಗತ್ತಿನ ಎಲ್ಲ ಗುಮಾಸ್ತರೂ ಪೋಕರ್ ಕಲಿಯಲು ಕೂತರು. ಮರುವರ್ಷ ಅದೇ ಸ್ಪರ್ಧೆಗೆ 2,576 ಜನ, ಅದರಾಚೆಯ ವರ್ಷ 5,619. ಫರ್ಹಾ ದುರಾಸೆಯಿಂದ ಕೆಟ್ಟ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮನಿಮೇಕರ್‌ಗೆ ಕೇಳುವ ಹಕ್ಕು ಇದ್ದಷ್ಟೇ ಅವನಿಗೆ ಇಲ್ಲ ಎನ್ನುವ ಹಕ್ಕೂ ಇತ್ತು. ಅವನ ಆ ಒಂದು ‘ಇಲ್ಲ’ ಇಲ್ಲದೇ ಹೋಗಿದ್ದರೆ ಆ ಕೊನೆಯ ಗಂಟೆಗಳ ತೂಕವೇ ಬೇರೆ ಇರುತ್ತಿತ್ತು.

ಹಂಚಿಕೆಯ ವಿರುದ್ಧದ ವಾದದಲ್ಲಿ ನನಗೆ ಗಟ್ಟಿ ಎನಿಸುವುದು ಇದೇ. ಹಣ ಹಂಚಿಕೊಂಡ ಮೇಲೆ ಉಳಿದ ಆಟ ಸಪ್ಪೆ. ಅದಕ್ಕೆ ಪೋಕರಿನವರೇ ಕಂಡುಕೊಂಡ ಮದ್ದು ಇದೆ: ಅಷ್ಟನ್ನೂ ಹಂಚದೆ ಒಂದು ಪಾಲನ್ನು ಟ್ರೋಫಿಯ ಜೊತೆ ಮೇಜಿನ ಮೇಲೇ ಬಿಟ್ಟು ಆಡುವುದು. ಇನ್ನೊಂದು ಮದ್ದು, ಹಂಚಿಕೆಯನ್ನು ಎಲ್ಲರ ಮುಂದೆ, ನಡೆಸುವವರ ಕಡತದಲ್ಲೇ ಬರೆಸುವುದು. ನಮ್ಮ ದೇಶದಲ್ಲಂತೂ ಇದಕ್ಕೆ ತೆರಿಗೆಯ ಕಾರಣವೂ ಇದೆ. ಗೆದ್ದ ಹಣದಲ್ಲಿ ನೂರಕ್ಕೆ 30 ಅಲ್ಲೇ ಹಿಡಿಯುತ್ತಾರೆ. ಬಾಯಿಮಾತಿನಲ್ಲಿ ಹಂಚಿಕೊಂಡು, ದಾಖಲೆಯಲ್ಲಿ ಒಬ್ಬನ ಹೆಸರಿಗೆ 5 ಲಕ್ಷ ಬರೆಸಿದರೆ ಎಲ್ಲರ ತೆರಿಗೆಯೂ ಅವನ ತಲೆಗೆ. ಆಮೇಲೆ ಪಾರ್ಕಿಂಗಿನಲ್ಲಿ ನಿಂತು ‘ಕಳೆದು ಕೊಡ್ತೀಯೋ, ಕಳೆಯದೆ ಕೊಡ್ತೀಯೋ’ ಎಂಬ ಜಗಳ.

ಟೋಕಿಯೋ ಒಲಿಂಪಿಕ್ಸಿನ ಎತ್ತರ ಜಿಗಿತ ನಿಮಗೆ ನೆನಪಿರಬಹುದು. 2021ರ ಆಗಸ್ಟ್ 1ರಂದು ಕತಾರಿನ ಬರ್ಶಿಮ್, ಇಟಲಿಯ ತಂಬೇರಿ ಇಬ್ಬರೂ 2.37 ಮೀಟರ್ ದಾಟಿ ಸಮವಾಗಿ ನಿಂತರು. ಇನ್ನೊಂದು ಸುತ್ತು ಜಿಗಿಯುತ್ತೀರಾ ಎಂದಾಗ, ಎರಡು ಚಿನ್ನ ಕೊಡಬಹುದೇ ಎಂದು ಬರ್ಶಿಮ್ ಕೇಳಿದ. ನಿಯಮದಲ್ಲಿ ಅವಕಾಶವಿತ್ತು. ಇಡೀ ಜಗತ್ತು ನೋಡುತ್ತಿದ್ದಂತೆ ಇಬ್ಬರೂ ಒಪ್ಪಿದರು. ಯಾರೂ ಅದನ್ನು ಮೋಸ ಎನ್ನಲಿಲ್ಲ. ಎಲ್ಲರಿಗೂ ಕಾಣುವಂತೆ, ನಿಯಮದ ಒಳಗೆ, ಇಬ್ಬರ ಮನಸ್ಸಿನಿಂದ ಆದದ್ದು ಅದು. ಅವರಲ್ಲಿ ಒಬ್ಬ ‘ಇಲ್ಲ, ಜಿಗಿಯೋಣ’ ಎಂದಿದ್ದರೆ? ಅವನನ್ನು ಸಣ್ಣವನೆಂದು ಬೈಯುತ್ತಿದ್ದೆವೇನೋ. ಅಲ್ಲಿ ನಾವು ಎಡವುತ್ತಿದ್ದೆವು ಎಂದೇ ನನ್ನ ಅನಿಸಿಕೆ.

ಗೋವಾದ ಆಟ ಮುಗಿದದ್ದು ಹೀಗೆ. ಇಪ್ಪತ್ತು ನಿಮಿಷ ಹುಡುಗ ಚೆನ್ನಾಗಿಯೇ ಆಡಿದ. ಆಮೇಲೆ ಎಂಟರ ಜೋಡಿ ಹಿಡಿದು ಎಲ್ಲವನ್ನೂ ಮುಂದೆ ತಳ್ಳಿದ. ನನ್ನ ಕೈಯಲ್ಲಿ ಎಕ್ಕ–ಗುಲಾಮ. ನಾಲ್ಕನೆಯ ಎಲೆಯಾಗಿ ಆಟೀನು ಎಕ್ಕ ಬಿತ್ತು. ಅವನು ಎದ್ದು ಇಬ್ಬರ ಕೈಯನ್ನೂ ಕುಲುಕಿ, ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದ. 2 ಲಕ್ಷದಲ್ಲಿ ತೆರಿಗೆ ಕಳೆದು 1,40,000. ಅದರಲ್ಲಿ ಅರ್ಧ ಹಾಸ್ಟೆಲಿಗೆ. ನಾನೂ ವ್ಯಾಪಾರಿಯೂ ಹೆಚ್ಚುಕಡಿಮೆ ಸಮಸಮ ಉಳಿದೆವು. ಈಗ ಇದ್ದವರೇ ಇಬ್ಬರು, ಇಬ್ಬರೂ ಒಪ್ಪಿದೆವು, ಕಡತದಲ್ಲಿ ಬರೆಸಿದೆವು: ತಲಾ 3,75,000, ಟ್ರೋಫಿಯ ಜೊತೆ 50,000 ಮೇಜಿನ ಮೇಲೆ. ಆ ಐವತ್ತು ಸಾವಿರ ಅವನು ಗೆದ್ದ. ನನ್ನ ಕೈಗೆ ಬಂದದ್ದು 2,62,500. ‘ಹಾಗಾದರೆ ನೀನು ಗೆದ್ದೆಯೋ ಸೋತೆಯೋ?’ ಎಂದು ಆಫೀಸಿನಲ್ಲಿ ಕೇಳಿದರು. ಎರಡನೆಯವನಾದೆ ಎಂದೆ. ಅದು ಸರಿಯಾದ ಉತ್ತರ. ಹಣ ಎಷ್ಟೇ ಸಮವಾಗಿ ಹಂಚಿದ್ದರೂ ಆಟದಲ್ಲಿ ನಾನು ಎರಡನೆಯವನೇ.

ಜೂಜು ಜೂಜೇ, ಅದನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಪೋಕರ್ ವೆಬ್‌ಸೈಟುಗಳ ಕೆಡುಕು ಏನೇ ಇದ್ದರೂ ಅವುಗಳಲ್ಲಿ ಒಂದು ಒಳ್ಳೆಯ ಏರ್ಪಾಡು ಕಂಡಿದ್ದೆ. ಕೊನೆಯ ಮೇಜಿನಲ್ಲಿ ಹಂಚಿಕೆಯ ಮಾತು ಬಂದರೆ ಪರದೆಯೇ ಲೆಕ್ಕ ಹಾಕಿ ಪ್ರತಿಯೊಬ್ಬನ ಪಾಲನ್ನು ತೋರಿಸುತ್ತಿತ್ತು. ಬೇಡ ಎನ್ನುವವನು ಒಂದು ಗುಂಡಿ ಒತ್ತಿದರೆ ಮುಗಿಯಿತು. ಅವನ ಕಿವಿ ಕೆಂಪಾಗುವುದನ್ನು ಯಾರೂ ನೋಡುತ್ತಿರಲಿಲ್ಲ, ‘ದೊಡ್ಡವರು ಹೇಳ್ತಿದ್ದೀವಲ್ಲ’ ಎಂದು ಯಾರೂ ಮೂರು ಸಲ ಹೇಳುವಂತಿರಲಿಲ್ಲ.

ಮುಖಾಮುಖಿ ಮೇಜಿನಲ್ಲಿ ‘ಬೇಡ’ ಎನ್ನುವುದು ಕಷ್ಟ. ಕಡಿಮೆ ಚಿಪ್ಸಿನವನಿಗೆ, ಕಿರಿಯನಿಗೆ, ಭಾಷೆ ಬಾರದವನಿಗೆ ಇನ್ನೂ ಕಷ್ಟ. ಹಾಗಾಗಿ ಟೂರ್ನಮೆಂಟ್ ನಡೆಸುವವರಿಗೆ ನನ್ನದೊಂದು ಸಲಹೆ. ಹಂಚಿಕೆಯ ಮಾತು ಬಂದ ಕೂಡಲೇ ಲೆಕ್ಕವನ್ನು ನೀವೇ ಹಾಕಿ ಎಲ್ಲರಿಗೂ ತೋರಿಸಿ. ಚರ್ಚೆಗೆ ಬಿಡಬೇಡಿ. ಒಬ್ಬೊಬ್ಬರ ಕೈಗೂ ಒಂದೊಂದು ಚೀಟಿ ಕೊಟ್ಟು ಹೂಂ ಅಥವಾ ಇಲ್ಲ ಎಂದು ಬರೆಸಿಕೊಳ್ಳಿ. ಚೀಟಿಗಳಲ್ಲಿ ಒಂದು ‘ಇಲ್ಲ’ ಇದ್ದರೂ ಸಾಕು, ಯಾರದೆಂದು ಹೇಳದೆ, ಎಲೆ ಹಂಚಲು ಹೇಳಿ.